ಎಡ್ವಾರ್ಡ್ ಮಿಷೆಲಿನ್

ಗದಗ ತಾಲೂಕಿನ ಹರ್ತಿಯಂಥ ಊರುಗಳ ಎರೆಹೊಲಗಳಲ್ಲಿ ಸುಗ್ಗಿಯ ದಿನಗಳೆಂದರೆ ಟ್ರ್ಯಾಕ್ಟರುಗಳಿಗೂ ಚಕ್ಕಡಿಗಳಿಗೂ ಬಿಡುವಿಲ್ಲದ ದಿನಗಳು. ಹೇರು ತುಂಬಿದ ಟ್ರ್ಯಾಕ್ಟರು ಹೊಲದ ಬದುವನ್ನು ದಾಟುವಾಗ ಜಾಲಿಯ ಮುಳ್ಳೊಂದು ಗಾಲಿಗೆ ನೆಟ್ಟಿತೆಂದರೆ ಗಾಳಿ ಇಳಿದು ಬಂಡಿ ನಿಂತಲ್ಲಿಯೇ ನಿಲ್ಲುತ್ತದೆ. ಅದನ್ನು ಪೇಟೆಯವರೆಗೆ ಎಳೆದೊಯ್ಯುವಂತಿಲ್ಲ. ಆದರೂ ರೈತನು ಹೆಚ್ಚು ಗಾಬರಿಗೊಳ್ಳುವುದಿಲ್ಲ. ಸುದ್ದಿ ಮುಟ್ಟಿದರೆ ಸಾಕು. ಜ್ಯಾಕು, ಕಬ್ಬಿಣದ ಮೀಟುಗೋಲುಗಳು, ಗಾಳಿ ತುಂಬುವ ಯಂತ್ರ ಇವುಗಳನ್ನು ಹೊತ್ತುಕೊಂಡು ಕೆಲಸಗಾರನೊಬ್ಬನು ಹೊಲಕ್ಕೇ ಬರುತ್ತಾನೆ. ಗಾಲಿಯನ್ನು ಕಳಚಿ, ಟಯರಿನ ಅಂಚನ್ನು ಮೀಟಿ ಎಬ್ಬಿಸಿ, ಒಳಗಿನ ಟ್ಯೂಬನ್ನು ಹೊರಗೆಳೆದು ತೇಪೆ ಹಚ್ಚುತ್ತಾನೆ. ಮತ್ತೆ ಎಲ್ಲವನ್ನೂ ಮೊದಲಿನಂತೆ ಕೂಡಿಸಿ ಗಾಳಿ ತುಂಬುತ್ತಾನೆ. ಪೇಟೆಗಳಲ್ಲಿಯಾದರೆ ಮನೆಯ ಬಾಗಿಲಿಗೆ, ಕಚೇರಿಯ ಅಂಗಳಕ್ಕೆ ಬಂದು ಹೊಸ ಟಯರನ್ನು ಹಾಕಿಕೊಟ್ಟು ಹೋಗುವವರೂ ಇದ್ದಾರೆ.

ಈ ಕೆಲಸವು ಇಷ್ಟು ಸುಲಭವಾಗಿರುವುದಕ್ಕೆ ಕಾರಣವೊಂದಿದೆ. ಟಯರು ಗಾಲಿಯಿಂದ ಬೇರೆಯಾಗಿ ಬರುತ್ತದೆ. ಹಾಗೆ ಬೇರೆಯಾಗಿ ಬಾರದಿದ್ದ ಕಾಲವೂ ಒಂದಿತ್ತು. ಆಗ ಟಯರನ್ನು ಗಾಲಿಗೆ ಅಂಟಿನಿಂದ ಭದ್ರವಾಗಿ ಮೆತ್ತಿಬಿಡುತ್ತಿದ್ದರು. ಆ ಅಂಟನ್ನು ತೊಲಗಿಸಲು ಶ್ರಮಿಸಿದವರಲ್ಲಿ ಪ್ರಮುಖನಾದವನು, ಕುಂಚವನ್ನು ಹಿಡಿದು ಚಿತ್ರಕಾರನಾಗಬೇಕೆಂದು ಹೊರಟಿದ್ದ ಫ್ರಾನ್ಸ್ ದೇಶದ ತರುಣನೊಬ್ಬನು. ಅವನೇ ಎಡ್ವಾರ್ಡ್ ಮಿಷೆಲಿನ್.

ಎಡ್ವಾರ್ಡನು 1859ನೆಯ ಇಸವಿ ಜೂನ್ 23ರಂದು ಪ್ಯಾರಿಸ್ ನಗರದಲ್ಲಿ ಜನಿಸಿದನು. ಅವನ ತಂದೆ ಜೂಲ್ ಮಿಷೆಲಿನ್ ಸುಂಕದ ಇಲಾಖೆಯ ಅಧಿಕಾರಿ. ಬಿಡುವಿನ ವೇಳೆಯಲ್ಲಿ ಚಿತ್ರಗಳನ್ನು ಬರೆಯುವ ಹವ್ಯಾಸವುಳ್ಳವನು. ಅಣ್ಣನಾದ ಆಂದ್ರೆ ಎಡ್ವಾರ್ಡನಿಗಿಂತ ಆರು ವರ್ಷ ದೊಡ್ಡವನು. ಲೆಕ್ಕಾಚಾರ, ಯಂತ್ರವಿದ್ಯೆಗಳಲ್ಲಿ ಆಸಕ್ತನಾಗಿದ್ದ ಆಂದ್ರೆ ಓದಿ ಎಂಜಿನಿಯರನಾದನು. ತಮ್ಮನಿಗೆ ತಂದೆಯ ಗುಣ ಬಂದಿತ್ತು. ಅವನು ಮನೆಯವರ ಸಮಾಧಾನಕ್ಕಾಗಿ ಕಾನೂನು ಪದವಿಯನ್ನು ಪಡೆದನೇನೋ ನಿಜ; ಆದರೆ ಅವನ ಮನಸ್ಸೆಲ್ಲ ಚಿತ್ರಕಲೆಯಲ್ಲಿತ್ತು. ಪ್ಯಾರಿಸಿನ ಪ್ರಸಿದ್ಧ ಕಲಾಶಾಲೆಯನ್ನು ಸೇರಿ, ಬೂಗರೋ ಎಂಬ ಹೆಸರಾಂತ ಕಲಾವಿದನ ಶಿಷ್ಯನಾಗಿ ಅಭ್ಯಾಸ ಮಾಡತೊಡಗಿದನು. ಮುವ್ವತ್ತನೆಯ ವರ್ಷ ಸಮೀಪಿಸುವವರೆಗೂ ಅವನ ಬದುಕು ಬಣ್ಣಗಳ ನಡುವೆಯೇ ಸಾಗಿತ್ತು.

ಅಷ್ಟರಲ್ಲಿ ತಾಯಿಯ ತವರಿನಿಂದ ಕರೆ ಬಂದಿತು.

ಫ್ರಾನ್ಸಿನ ನಡುಭಾಗದಲ್ಲಿ, ಆರಿದ ಜ್ವಾಲಾಮುಖಿಗಳ ಸಾಲಿನ ಬುಡದಲ್ಲಿ, ಕ್ಲೇರ್ಮೋಂ-ಫೆರಾ ಎಂಬ ಪಟ್ಟಣವಿದೆ. ಎಡ್ವಾರ್ಡನ ತಾಯಿಯ ತಂದೆ ಅರಿಸ್ತೀದ್ ಬಾರ್ಬಿಯೇ ತನ್ನ ಬಂಧುವಾದ ದೋಬ್ರೇ ಎಂಬವನೊಡನೆ ಕೂಡಿ 1832ರ ಸುಮಾರಿನಲ್ಲಿ ಅಲ್ಲಿ ಒಂದು ಕಾರ್ಖಾನೆಯನ್ನು ಸ್ಥಾಪಿಸಿದ್ದನು. ಬೇಸಾಯದ ಉಪಕರಣಗಳನ್ನು ಮಾಡುವುದು ಅದರ ಮುಖ್ಯ ಉದ್ಯೋಗ. ರಬ್ಬರು ಅಲ್ಲಿಗೆ ಬಂದುದು ಮಕ್ಕಳ ಆಟದ ನೆಪದಿಂದ. ದೋಬ್ರೇಯ ಹೆಂಡತಿ ಸ್ಕಾಟ್ಲೆಂಡಿನವಳು. ಬಟ್ಟೆಗೆ ರಬ್ಬರು ಬಳಿದು ಮಳೆಯಂಗಿಯನ್ನು ಮಾಡುವ ವಿಧಾನವನ್ನು ಕಂಡುಹಿಡಿದ ಚಾರ್ಲ್ಸ್ ಮ್ಯಾಕಿಂಟಾಷನ ಬಂಧು. ಆಕೆ ಮಕ್ಕಳಿಗಾಗಿ ರಬ್ಬರಿನ ಚೆಂಡುಗಳನ್ನು ಮಾಡುತ್ತಿದ್ದಳು. ಆ ಚೆಂಡುಗಳ ಬೆನ್ನಲ್ಲಿ ರಬ್ಬರಿನ ಕೊಳವೆಗಳೂ ಇತರ ಸಾಮಾನುಗಳೂ ಆ ಕಾರ್ಖಾನೆಯಲ್ಲಿ ತಯಾರಾಗತೊಡಗಿದವು. ಆದರೆ ಸ್ಥಾಪಕರು ತೀರಿಕೊಂಡ ಮೇಲೆ ಆಡಳಿತ ಕುಂದಿತು, ಸಾಲ ಬೆಳೆಯಿತು. 1886ರಲ್ಲಿ ಆಂದ್ರೆ ಬಂದು ಕೈಹಚ್ಚಿ ನೋಡಿದನು. ಆದರೆ ಪ್ಯಾರಿಸಿನಲ್ಲಿ ಅವನದೇ ಉದ್ಯೋಗವಿತ್ತು. ಪೂರ್ಣವಾಗಿ ನಿಲ್ಲುವುದು ಅವನಿಂದಾಗಲಿಲ್ಲ. ಮುಳುಗುತ್ತಿರುವ ಕಾರ್ಖಾನೆಯನ್ನು ಎತ್ತುವ ಹೊರೆ ರಬ್ಬರಿನ ಗಂಧಗಾಳಿಯನ್ನೂ ಅರಿಯದ ಚಿತ್ರಕಾರನ ಹೆಗಲ ಮೇಲೆ ಬಿದ್ದಿತು. ಎಡ್ವಾರ್ಡನು ಕುಂಚವನ್ನು ಕೆಳಗಿರಿಸಿ ಕ್ಲೇರ್ಮೋಂಗೆ ಹೊರಟನು. 1889ನೆಯ ಇಸವಿ ಮೇ 28ರಂದು ಕಾರ್ಖಾನೆಗೆ ಮಿಷೆಲಿನ್ ಎಂಬ ಹೆಸರು ಬಂದಿತು.

ಆಗ ಆ ಕಾರ್ಖಾನೆಯಲ್ಲಿ ಟಯರುಗಳು ತಯಾರಾಗುತ್ತಿರಲಿಲ್ಲ. ಕುದುರೆಯ ಸಾರೋಟುಗಳಿಗೂ ಸೈಕಲ್ಲುಗಳಿಗೂ ಬೇಕಾದ, ಸದ್ದಿಲ್ಲದೆ ಗಾಲಿಯನ್ನು ತಡೆಯುವ ರಬ್ಬರಿನ ಬ್ರೇಕುಕಟ್ಟೆಗಳೇ ಅದರ ಹೊಸ ಸರಕಾಗಿದ್ದವು.

ಗಾಳಿ ತುಂಬಿದ ಟಯರು ಆಗತಾನೆ ಜಗತ್ತಿಗೆ ಪರಿಚಯವಾಗುತ್ತಿತ್ತು. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬವನು 1845ರಲ್ಲಿಯೇ ಅಂಥದೊಂದಕ್ಕೆ ಹಕ್ಕುಪತ್ರವನ್ನು ಪಡೆದಿದ್ದರೂ ಜನರು ಅದನ್ನು ಮರೆತುಬಿಟ್ಟಿದ್ದರು. 1888ರಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ದನಕರುಗಳ ವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್ಲಪ್ ತನ್ನ ಚಿಕ್ಕ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿಯ ಟಯರನ್ನು ಕಟ್ಟಿದನು. ಅದರ ಸುಖವನ್ನು ಕಂಡ ಸೈಕಲ್ಲಿನ ಸವಾರರು ಅದನ್ನು ಮೆಚ್ಚಿಕೊಂಡರು. ಅಲ್ಲಿಯವರೆಗೆ ಸೈಕಲ್ಲುಗಳ ಗಾಲಿಗೆ ಗಟ್ಟಿ ರಬ್ಬರಿನ ಪಟ್ಟಿಯೇ ಗತಿ. ಕಲ್ಲಿನ ಹಾದಿಯಲ್ಲಿ ಅದು ಸವಾರನ ಮೈಮೂಳೆಗಳನ್ನು ನಡುಗಿಸಿಬಿಡುತ್ತಿತ್ತು. ಗಾಳಿಯ ಟಯರಾದರೋ ನೆಲದ ಉಬ್ಬುತಗ್ಗುಗಳನ್ನು ತಾನೇ ನುಂಗಿಕೊಳ್ಳುತ್ತಿತ್ತು. ಆದರೆ ಅದಕ್ಕೆ ಒಂದು ದೊಡ್ಡ ಕೊರತೆಯಿತ್ತು. ಗಾಳಿಯ ಕೊಳವೆಯ ಮೇಲೆ ಬಟ್ಟೆಯನ್ನು ಸುತ್ತಿ, ರಬ್ಬರನ್ನು ಹೊದಿಸಿ, ಎಲ್ಲವನ್ನೂ ಗಾಲಿಯ ಬಳೆಗೆ ಅಂಟಿಸಿಬಿಡುತ್ತಿದ್ದರು. ತೂತಾದರೆ ಆ ಅಂಟನ್ನು ಕರಗಿಸಿ ಕಿತ್ತು, ತೇಪೆ ಹಾಕಿ, ಮತ್ತೆ ಅಂಟಿಸಬೇಕು. ಅದು ನುರಿತ ಕೆಲಸಗಾರನಿಗೆ ಮಾತ್ರ ಸಾಧ್ಯವಾದ ಕಾರ್ಯ. ಊರಿನಿಂದ ದೂರ, ನಡುದಾರಿಯಲ್ಲಿ ಮೊಳೆ ಚುಚ್ಚಿದರೆ ಸವಾರನು ಸೈಕಲ್ಲನ್ನು ಹೊತ್ತುಕೊಂಡು ನಡೆಯಬೇಕಾಗಿತ್ತು.

ಅಂಥ ಒಬ್ಬ ಸವಾರನು ಒಂದು ದಿನ ತೂತಾದ ಟಯರಿನೊಡನೆ ಕ್ಲೇರ್ಮೋಂನ ಕಾರ್ಖಾನೆಗೆ ಬಂದನು. ರಬ್ಬರಿನ ಕೆಲಸ ಮಾಡುವವರು ಇದನ್ನೂ ಸರಿಪಡಿಸಿಯಾರೆಂಬುದು ಅವನ ನಂಬಿಕೆ. ಟಯರನ್ನು ಬಿಡಿಸಿ ತೇಪೆ ಹಾಕಿ ಮತ್ತೆ ಕೂಡಿಸುವುದಕ್ಕೆ ಮೂರು ಗಂಟೆಗೂ ಹೆಚ್ಚು ಕಾಲ ಹಿಡಿಯಿತು. ಬಳಿಕ ಅಂಟು ಒಣಗಲೆಂದು ರಾತ್ರಿಯೆಲ್ಲ ಹಾಗೆಯೇ ಬಿಡಬೇಕಾಯಿತು. ಮರುದಿನ ಬೆಳಿಗ್ಗೆ ಎಡ್ವಾರ್ಡನು ತಾನೇ ಆ ಸೈಕಲ್ಲನ್ನೇರಿ ಪರೀಕ್ಷಿಸಹೊರಟನು. ಕೆಲವು ನೂರು ಮೀಟರು ಸಾಗುವಷ್ಟರಲ್ಲಿ ಟಯರು ಮತ್ತೆ ಬತ್ತಿಹೋಯಿತು.

ಬೇರೆ ಯಾರಾದರೂ ಆಗಿದ್ದರೆ, ಇದು ಕೆಲಸಕ್ಕೆ ಬಾರದ ವಸ್ತುವೆಂದು ಮೂಲೆಗೆ ಎಸೆಯುತ್ತಿದ್ದರು. ಎಡ್ವಾರ್ಡನು ಹಾಗೆ ಮಾಡಲಿಲ್ಲ. ಆ ಕೆಲವು ನೂರು ಮೀಟರುಗಳ ಹಾದಿಯಲ್ಲಿ ಅವನು ಎರಡು ಸಂಗತಿಗಳನ್ನು ಕಂಡುಕೊಂಡಿದ್ದನು. ಗಾಳಿಯ ಮೇಲೆ ಸಾಗುವ ಸುಖವನ್ನು ಒಮ್ಮೆ ಕಂಡವನು ಗಟ್ಟಿ ರಬ್ಬರಿಗೆ ಹಿಂದಿರುಗಲಾರನು ಎಂಬುದು ಮೊದಲನೆಯದು. ನಡುದಾರಿಯಲ್ಲಿ ಸವಾರನೇ ಬಿಚ್ಚಿ ಕೂಡಿಸುವಂತಿಲ್ಲದಿದ್ದರೆ ಈ ಸುಖವು ಪೇಟೆಯ ಬೀದಿಯನ್ನು ದಾಟಲಾರದು ಎಂಬುದು ಎರಡನೆಯದು. ಟಯರು ತೂತಾಗದಂತೆ ಮಾಡುವುದು ಆಗಿನ ಕಾಲದಲ್ಲಿ ಆಗದ ಮಾತು. ತೂತಾದಾಗ ಏನು ಮಾಡಬೇಕೆಂಬುದೇ ಪ್ರಶ್ನೆ. ಎಡ್ವಾರ್ಡನು ಸರಿಯಾದ ಪ್ರಶ್ನೆಯನ್ನು ಹಿಡಿದುದೇ ಅವನ ಜಾಣ್ಮೆ.

ಅವನೂ ಅವನ ಕೆಲಸಗಾರರೂ ಹಲವಾರು ಪ್ರಯೋಗಗಳನ್ನು ನಡೆಸಿದರು. ಗಾಳಿಯನ್ನು ಹಿಡಿದಿಡುವ ಟ್ಯೂಬನ್ನೂ ನೆಲವನ್ನು ತುಳಿಯುವ ಹೊರಕವಚವನ್ನೂ ಬೇರೆ ಬೇರೆ ಮಾಡಿದರು. ಕವಚದ ಅಂಚುಗಳನ್ನು ಅಂಟಿನ ಬದಲು ತಿರುಪುಮೊಳೆಗಳಿಂದ ಗಾಲಿಯ ಬಳೆಗೆ ಬಿಗಿದರು. ತಿರುಪುಗಳನ್ನು ಸಡಿಲಿಸಿದರೆ ಕವಚವು ಬಿಚ್ಚುವುದು. ಟ್ಯೂಬನ್ನು ತೆಗೆದು ತೇಪೆ ಹಾಕಬಹುದು, ಇಲ್ಲವೆ ಬೇರೊಂದನ್ನು ಇಡಬಹುದು. ಒಂದು ಹಗಲು ಒಂದು ರಾತ್ರಿ ಹಿಡಿಯುತ್ತಿದ್ದ ಕೆಲಸವನ್ನು ಸಾಮಾನ್ಯ ಸವಾರನು ಸುಮಾರು ಕಾಲು ಗಂಟೆಯಲ್ಲಿ ಮುಗಿಸುವಂತಾಯಿತು. 1891ರಲ್ಲಿ ಇದಕ್ಕೆ ಹಕ್ಕುಪತ್ರ ದೊರೆಯಿತು. ಇಂಗ್ಲೆಂಡಿನಲ್ಲಿ ವೆಲ್ಚ್ ಮತ್ತು ಬಾರ್ಟ್ಲೆಟ್ ಎಂಬವರು 1890ರಲ್ಲಿಯೇ ಇದೇ ಗುರಿಯನ್ನು ಬೇರೆ ಬೇರೆ ದಾರಿಗಳಿಂದ ಮುಟ್ಟಿದ್ದರು ಎಂಬುದನ್ನೂ ಇಲ್ಲಿ ಹೇಳಬೇಕು. ಟಯರಿನ ಅಂಚಿನಲ್ಲಿ ತಂತಿಯನ್ನು ಹುದುಗಿಸುವ ಇಂದಿನ ಪದ್ಧತಿಗೆ ಮೂಲವಾದುದು ವೆಲ್ಚನ ಉಪಾಯವೇ. ದೊಡ್ಡ ಶೋಧಗಳು ಹೀಗೆ ಹಲವು ಕೈಗಳಿಂದ ಬೆಳೆಯುತ್ತವೆ. ಒಬ್ಬನಿಗೇ ಎಲ್ಲ ಕೀರ್ತಿಯನ್ನೂ ಕಟ್ಟುವುದು ನ್ಯಾಯವಲ್ಲ.

ಹೊಸ ವಸ್ತುವನ್ನು ಜನರು ಸುಲಭವಾಗಿ ನಂಬುವುದಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪ್ಯಾರಿಸಿನ ಪತ್ರಿಕೆಯೊಂದು ಭಾರಿ ಸೈಕಲ್ ಓಟವೊಂದನ್ನು ಏರ್ಪಡಿಸಿತು. ಪ್ಯಾರಿಸಿನಿಂದ ಹೊರಟು ಸಮುದ್ರತೀರದ ಬ್ರೆಸ್ಟ್ ಪಟ್ಟಣವನ್ನು ಮುಟ್ಟಿ ಹಿಂದಿರುಗಬೇಕು. ಒಟ್ಟು ಸುಮಾರು 1,200 ಕಿಲೋಮೀಟರು. ಮಿಷೆಲಿನ್ ಸೋದರರು ಚಾರ್ಲ್ಸ್ ತೆರೋಂ ಎಂಬ ಪ್ರಸಿದ್ಧ ಸವಾರನನ್ನು ಒಪ್ಪಿಸಿ ತಮ್ಮ ಟಯರುಗಳನ್ನು ಅವನ ಸೈಕಲ್ಲಿಗೆ ತೊಡಿಸಿದರು. ಅವನ ಮುಖ್ಯ ಎದುರಾಳಿಯಾದ ಜೀಯೆಲ್-ಲಾವಾಲ್ ಡನ್ಲಪ್ ಟಯರುಗಳ ಮೇಲೆ ಹೊರಟಿದ್ದನು. ಇಬ್ಬರ ಟಯರುಗಳೂ ದಾರಿಯಲ್ಲಿ ತೂತಾದವು. ಇಬ್ಬರೂ ಕುಳಿತು ರಿಪೇರಿ ಮಾಡಿಸಿಕೊಂಡು ಮುಂದೆ ಸಾಗಿದರು. ಮೂರನೆಯ ರಾತ್ರಿ ಎದುರಾಳಿಯು ನಿದ್ರೆ ಹೋಗಿದ್ದಾಗ ತೆರೋಂ ಸದ್ದಿಲ್ಲದೆ ಅವನನ್ನು ದಾಟಿ ಮುಂದೆ ನಡೆದನು. 71 ಗಂಟೆ 22 ನಿಮಿಷಗಳಲ್ಲಿ ಪ್ಯಾರಿಸನ್ನು ಸೇರಿ ಗೆದ್ದನು. ಗೆಲುವಿಗೆ ಸವಾರನ ಛಲವೂ ಕಾರಣ, ಎದುರಾಳಿಯ ನಿದ್ರೆಯೂ ಕಾರಣ. ಆದರೆ ಬಿಚ್ಚಿ ಕೂಡಿಸುವ ಟಯರಿನ ಹೆಸರು ಮಾತ್ರ ದೇಶದಲ್ಲೆಲ್ಲ ಹಬ್ಬಿತು.

ಮರುವರ್ಷ ಸೋದರರು ತಾವೇ ಪ್ಯಾರಿಸಿನಿಂದ ಕ್ಲೇರ್ಮೋಂವರೆಗೆ ಒಂದು ಓಟವನ್ನು ನಡೆಸಿದರು. ಅದರ ದಾರಿಯ ಒಂದೆಡೆಯಲ್ಲಿ ಅವರೇ ಮೊಳೆಗಳನ್ನು ಚೆಲ್ಲಿಸಿದ್ದರು! ಟಯರು ತೂತಾಗಲಿ, ಅದನ್ನು ಎಷ್ಟು ಬೇಗ ಸರಿಪಡಿಸಬಹುದೆಂಬುದನ್ನು ಜನರು ಕಣ್ಣಾರೆ ಕಾಣಲಿ ಎಂಬುದು ಅವರ ಉದ್ದೇಶ. ಬಿರುಸಿನಿಂದ ಬರುತ್ತಿದ್ದ ಸವಾರರ ದೃಷ್ಟಿಯಿಂದ ಇದು ಮೆಚ್ಚತಕ್ಕ ಕೆಲಸವೇನೂ ಅಲ್ಲ. ಆದರೆ ತಮ್ಮ ಸರಕಿನ ದೋಷವನ್ನು ಮುಚ್ಚಿಡದೆ ನಡುಬೀದಿಯಲ್ಲಿ ತೆರೆದಿಟ್ಟ ಅವರ ಧೈರ್ಯವು ಅಪೂರ್ವವಾದುದು.

ಸೈಕಲ್ಲು ಹಗುರವಾದ ವಾಹನ. ಮೋಟಾರು ಬಂಡಿಯ ಭಾರವನ್ನು ಗಾಳಿಯು ಹೊರಬಲ್ಲುದೆಂದು ಯಾರೂ ನಂಬಿರಲಿಲ್ಲ. 1895ರ ಜೂನ್ ತಿಂಗಳಲ್ಲಿ ಪ್ಯಾರಿಸಿನಿಂದ ಬೋರ್ದೋಗೆ ಹೋಗಿ ಮರಳುವ ಮೋಟಾರು ಓಟ ನಡೆಯಿತು. ಗಾಳಿಯ ಟಯರುಗಳನ್ನು ತೊಡಿಸಿದ ಬಂಡಿಯನ್ನು ನಡೆಸುವುದಕ್ಕೆ ಯಾರೂ ಮುಂದೆ ಬಾರದಿದ್ದುದರಿಂದ ಸೋದರರೇ ಒಂದು ಬಂಡಿಯನ್ನು ಸಿದ್ಧಗೊಳಿಸಿ, ಅದಕ್ಕೆ ಮಿಂಚು ಎಂಬ ಅರ್ಥದ ಹೆಸರನ್ನಿಟ್ಟು ಓಟಕ್ಕೆ ಇಳಿದರು. ಹೆಸರು ಮಿಂಚಾದರೂ ನಡಿಗೆ ಮಿಂಚಿನದಾಗಲಿಲ್ಲ. ಮೇಲಿಂದ ಮೇಲೆ ಟಯರುಗಳು ತೂತಾದವು. ಯಂತ್ರವೂ ತೊಂದರೆ ಕೊಟ್ಟಿತು. ಎಲ್ಲರಿಗಿಂತ ಮೊದಲು ಬಂದ ಲೆವಾಸೋರ್ 48 ಗಂಟೆ 48 ನಿಮಿಷಗಳಲ್ಲಿ ಓಟವನ್ನು ಮುಗಿಸಿದರೆ, ಇವರು ಗೊತ್ತುಪಡಿಸಿದ ಅವಧಿಯೊಳಗೆ ಮುಗಿಸಲಾರದೆ ಹೋದರು. ಆದರೂ 1,100 ಕಿಲೋಮೀಟರುಗಳಿಗೂ ಮಿಗಿಲಾದ ದಾರಿಯಲ್ಲಿ ಮೋಟಾರು ಬಂಡಿಯೊಂದು ಗಾಳಿಯ ಮೇಲೆ ಕುಳಿತು ಸಾಗಿತ್ತು. ಕೆಲವೇ ವರ್ಷಗಳಲ್ಲಿ ಮೋಟಾರುಗಳು ಗಟ್ಟಿ ಗಾಲಿಗಳನ್ನು ಬಿಟ್ಟು ಗಾಳಿಯ ಟಯರುಗಳನ್ನು ತೊಟ್ಟುಕೊಂಡವು.

ಎಡ್ವಾರ್ಡನೊಳಗಿನ ಚಿತ್ರಕಾರನು ಸಂಪೂರ್ಣವಾಗಿ ಸತ್ತಿರಲಿಲ್ಲ. 1894ರಲ್ಲಿ ಲಿಯೋಂ ನಗರದ ವಸ್ತುಪ್ರದರ್ಶನದಲ್ಲಿ ಒಂದರ ಮೇಲೊಂದಾಗಿ ಪೇರಿಸಿದ್ದ ಟಯರುಗಳ ರಾಶಿಯನ್ನು ಕಂಡು, ಅದಕ್ಕೆ ಕೈಗಳನ್ನು ಹಚ್ಚಿದರೆ ಮನುಷ್ಯನಂತೆಯೇ ಕಾಣುವುದೆಂದು ಅವನಿಗೆ ತೋರಿತು. ಓಗಾಲೋ ಎಂಬ ವ್ಯಂಗ್ಯಚಿತ್ರಕಾರನು 1898ರಲ್ಲಿ ಅದಕ್ಕೆ ರೂಪ ಕೊಟ್ಟನು. ಮೊಳೆಗಳನ್ನೂ ಗಾಜಿನ ಚೂರುಗಳನ್ನೂ ತುಂಬಿದ ಬಟ್ಟಲನ್ನು ಎತ್ತಿ ಹಿಡಿದ, ಟಯರುಗಳಿಂದಲೇ ಆದ ಆ ದಢೂತಿ ಮನುಷ್ಯನ ಚಿತ್ರವು ಜಗತ್ಪ್ರಸಿದ್ಧವಾಯಿತು. ಇಂದಿಗೂ ಟಯರಿನ ಅಂಗಡಿಗಳ ಫಲಕಗಳಲ್ಲಿ ಅವನನ್ನು ಕಾಣಬಹುದು.

1900ರಲ್ಲಿ ಸೋದರರು ಪ್ರಯಾಣಿಕರಿಗಾಗಿ ಒಂದು ಚಿಕ್ಕ ಕೈಪಿಡಿಯನ್ನು ಅಚ್ಚು ಹಾಕಿಸಿದರು. ಆಗ ಇಡೀ ಫ್ರಾನ್ಸಿನಲ್ಲಿದ್ದ ಮೋಟಾರು ಬಂಡಿಗಳು ಮೂರು ಸಾವಿರವನ್ನೂ ಮೀರಿರಲಿಲ್ಲ. ಆದರೂ ಕೈಪಿಡಿಯ ಸುಮಾರು 35,000 ಪ್ರತಿಗಳನ್ನು ಹಣವಿಲ್ಲದೆ ಹಂಚಿದರು. ಟಯರನ್ನು ಬಿಚ್ಚುವುದು ಹೇಗೆ, ತೇಪೆ ಹಾಕುವುದು ಹೇಗೆ, ಮತ್ತೆ ಕೂಡಿಸುವುದು ಹೇಗೆ ಎಂಬುದನ್ನು ಅದರಲ್ಲಿ ವಿವರಿಸಿದ್ದರು. ಯಾವ ಊರಿನಲ್ಲಿ ರಿಪೇರಿ ಮಾಡುವವರು ದೊರೆಯುವರು, ಎಲ್ಲಿ ಪೆಟ್ರೋಲು ಸಿಗುವುದು, ಎಲ್ಲಿ ತಂಗಬಹುದು ಎಂಬ ಪಟ್ಟಿಯೂ ಇತ್ತು. ಮುಂದೆ ಇದೇ ಪುಸ್ತಕವು ಒಳ್ಳೆಯ ಉಪಹಾರಗೃಹಗಳಿಗೆ ನಕ್ಷತ್ರಗಳನ್ನು ಕೊಡುವ ಪುಸ್ತಕವೆಂದು ಹೆಸರಾಯಿತು. ಅಡುಗೆಯ ಕೀರ್ತಿಯಲ್ಲಿ ಅದರ ಮೊದಲಿನ ಉದ್ದೇಶವನ್ನು ಜನರು ಮರೆತಿದ್ದಾರೆ.

ಟಯರನ್ನು ಬದಲಿಸುವ ಕೆಲಸದಲ್ಲಿ ಇನ್ನೊಂದು ದೊಡ್ಡ ಹೆಜ್ಜೆ 1906ರಲ್ಲಿ ಬಂದಿತು. ಆ ವರ್ಷದ ಜೂನ್ 26 ಮತ್ತು 27ರಂದು ಫ್ರಾನ್ಸಿನ ಲ ಮಾನ್ ಪಟ್ಟಣದ ಬಳಿ ಎರಡು ದಿನಗಳ ಮೋಟಾರು ಓಟ ನಡೆಯಿತು. ಸುಮಾರು 1,238 ಕಿಲೋಮೀಟರುಗಳ ಓಟ, ಸುಡುಬಿಸಿಲು, ರಸ್ತೆಯ ಡಾಂಬರು ಕರಗಿ ಚಿಮ್ಮುತ್ತಿತ್ತು. ಟಯರು ಕೆಟ್ಟರೆ ಚಾಲಕನೂ ಅವನ ಸಹಾಯಕನೂ ಅಲ್ಲದೆ ಬೇರೆ ಯಾರೂ ಅದನ್ನು ಮುಟ್ಟಕೂಡದೆಂಬ ನಿಯಮವಿತ್ತು. ಉಳಿದವರು ಹಳೆಯ ಟಯರನ್ನು ಚಾಕುವಿನಿಂದ ಕೊಯ್ದು ತೆಗೆದು, ಹೊಸದನ್ನು ಬಲವಂತದಿಂದ ಬಳೆಯ ಮೇಲೆ ಏರಿಸಬೇಕಾಗಿತ್ತು. ಅದಕ್ಕೆ ಕಾಲು ಗಂಟೆ ಬೇಕು. ಮಿಷೆಲಿನ್ ಕಾರ್ಖಾನೆಯವರು ಟಯರನ್ನು ಮೊದಲೇ ಕೂಡಿಸಿ ಗಾಳಿ ತುಂಬಿಟ್ಟ, ಕಳಚಿ ಹಾಕಬಲ್ಲ ಬಳೆಯನ್ನು ಸಿದ್ಧಪಡಿಸಿದ್ದರು. ರೆನೋ ಬಂಡಿಯ ಚಾಲಕನಾದ ಹಂಗೇರಿಯ ಫೆರೆನ್ಸ್ ಸೀಸ್ ಅಂಥ ಬಳೆಗಳನ್ನು ಬಳಸಿ ನಾಲ್ಕು ನಿಮಿಷಗಳೊಳಗೆ ಟಯರನ್ನು ಬದಲಿಸಿ ಮುನ್ನಡೆಯುತ್ತಿದ್ದನು. ಕೊನೆಯಲ್ಲಿ ಅರ್ಧ ಗಂಟೆಗೂ ಹೆಚ್ಚಿನ ಅಂತರದಿಂದ ಗೆದ್ದನು. ಇದೇ ಕಾಲದಲ್ಲಿ, 1904ರಲ್ಲಿ, ವೇಲ್ಸ್ ನಾಡಿನ ಲನೆಲ್ಲಿ ಪಟ್ಟಣದ ಸ್ಟೆಪ್ನಿ ಎಂಬ ಬೀದಿಯಲ್ಲಿ ಹೆಚ್ಚುವರಿ ಗಾಲಿಯೊಂದನ್ನು ಮಾಡಿ ಮಾರತೊಡಗಿದ್ದರು. ನಮ್ಮ ಲಾರಿ, ಬಸ್ಸುಗಳವರು ಹೆಚ್ಚುವರಿ ಗಾಲಿಯನ್ನು ಸ್ಟೆಪ್ನಿ ಎಂದು ಕರೆಯುವುದು ಆ ಬೀದಿಯ ಹೆಸರಿನಿಂದಲೇ.

ಕಾರ್ಖಾನೆ ಬೆಳೆದಂತೆ ಸೋದರರು ಕೆಲಸವನ್ನು ಹಂಚಿಕೊಂಡರು. ಆಂದ್ರೆ ಪ್ಯಾರಿಸಿನಲ್ಲಿದ್ದು ಪ್ರಚಾರವನ್ನು ನೋಡಿಕೊಂಡನು. ಎಡ್ವಾರ್ಡನು ಕ್ಲೇರ್ಮೋಂನಲ್ಲಿ ನೆಲೆಸಿದನು. ಹೆಸರು ಮೆರೆಯುವುದು ಅವನಿಗೆ ಹಿಡಿಸುತ್ತಿರಲಿಲ್ಲ. ಕೆಲಸಗಾರರಿಗಾಗಿ ಮನೆಗಳನ್ನೂ ಶಾಲೆಗಳನ್ನೂ ಕಟ್ಟಿಸಿದನು. ಮೊದಲನೆಯ ಮಹಾಯುದ್ಧದಲ್ಲಿ ಅವನ ಕಾರ್ಖಾನೆಯು ದೇಶಕ್ಕಾಗಿ ವಿಮಾನಗಳನ್ನು ಮಾಡಿತು. ಮೊದಲಿನ ನೂರನ್ನು ಬೆಲೆಯಿಲ್ಲದೆ ಒಪ್ಪಿಸಿತು. ಈ ಹಿರಿಮೆಯ ಮಗ್ಗುಲಲ್ಲಿಯೇ ಒಂದು ಕಪ್ಪು ಪುಟವೂ ಇದೆ. ರಬ್ಬರಿಗಾಗಿ ಕಾರ್ಖಾನೆಯವರು 1920ರ ದಶಕದಲ್ಲಿ ಇಂದಿನ ವಿಯೆಟ್ನಾಮಿನಲ್ಲಿ, ಆಗ ಅದು ಫ್ರೆಂಚರ ವಸಾಹತು, ದೊಡ್ಡ ತೋಟಗಳನ್ನು ಮಾಡಿದರು. ಅಲ್ಲಿಯ ಕೂಲಿಗಳು ರೋಗದಿಂದಲೂ ಮೇಸ್ತ್ರಿಗಳ ಹೊಡೆತದಿಂದಲೂ ಬಹಳ ನರಳಿದರು. 1930ರಲ್ಲಿ ಫೂ ರಿಯೆಂಗ್ ತೋಟದ ಕೂಲಿಗಳು ಮುಷ್ಕರ ಹೂಡಿದಾಗ ಅದನ್ನು ಬಲದಿಂದ ಅಡಗಿಸಲಾಯಿತು. ಕ್ಲೇರ್ಮೋಂನ ಕೆಲಸಗಾರನ ಬಗೆಗೆ ತೋರಿದ ಕಾಳಜಿ ಸಮುದ್ರವನ್ನು ದಾಟಿ ಆ ತೋಟಗಳನ್ನು ಮುಟ್ಟಲಿಲ್ಲ.

ಎಡ್ವಾರ್ಡನ ಮುಪ್ಪು ದುಃಖದಿಂದ ಕೂಡಿತ್ತು. 1931ರಲ್ಲಿ ಅಣ್ಣ ಆಂದ್ರೆ ತೀರಿಕೊಂಡನು. ಮರುವರ್ಷವೇ ಹಿರಿಯ ಹೊಣೆಯನ್ನು ಹೊರಬೇಕಾಗಿದ್ದ ಮಗ ಎತಿಯೆನ್ ವಿಮಾನದ ಅಪಘಾತದಲ್ಲಿ ಮಡಿದನು. ಇನ್ನೊಬ್ಬ ಮಗ ಪಿಯೇರ್, ಸಾಲದಲ್ಲಿ ಮುಳುಗಿದ್ದ ಸಿತ್ರೊಯೆನ್ ಮೋಟಾರು ಕಂಪನಿಯನ್ನು ವಹಿಸಿಕೊಂಡು ಎತ್ತಿ ನಿಲ್ಲಿಸುತ್ತಿದ್ದನು. 1937ರ ಡಿಸೆಂಬರಿನಲ್ಲಿ ಅವನೂ ರಸ್ತೆಯಲ್ಲಿ ಮೋಟಾರು ಅಪಘಾತಕ್ಕೆ ತುತ್ತಾದನು. ಮೋಟಾರು ಬಂಡಿಯ ವೇಗಕ್ಕೆ ದಾರಿ ಮಾಡಿಕೊಟ್ಟ ತಂದೆಗೆ ಆಗ 78 ವರ್ಷ. ಅವನು ಎದೆಗುಂದಿ ಕೂರಲಿಲ್ಲ. ಅಳಿಯನನ್ನೂ ನಂಬಿಗಸ್ತ ಸಹಾಯಕನಾದ ಪಿಯೇರ್ ಬುಲಾಂಜೇಯನ್ನೂ ಆಡಳಿತಕ್ಕೆ ಸಿದ್ಧಗೊಳಿಸಿದನು.

1940ರ ಜೂನಿನಲ್ಲಿ ಫ್ರಾನ್ಸ್ ಜರ್ಮನಿಯ ಎದುರು ಸೋತು ಶಸ್ತ್ರವನ್ನು ಕೆಳಗಿಟ್ಟಿತು. ಅದಾದ ಎರಡು ತಿಂಗಳಿಗೆ, ಆಗಸ್ಟ್ 25ರಂದು, ಕ್ಲೇರ್ಮೋಂನ ಸಮೀಪದ ಓರ್ಸಿನ್ ಎಂಬಲ್ಲಿ ಎಡ್ವಾರ್ಡ್ ಮಿಷೆಲಿನ್ ಕೊನೆಯುಸಿರೆಳೆದನು. ಎತಿಯೆನ್‌ನ ಮಗನಾದ ಫ್ರಾನ್ಸ್ವಾನಿಗೆ ಆಗ 14 ವರ್ಷ. ಕಾರ್ಖಾನೆಯ ಆಡಳಿತವನ್ನು ಆ ಮೊಮ್ಮಗನು 1955ರಲ್ಲಿ ವಹಿಸಿಕೊಂಡನು.